ಅಕ್ಕ ಇಟ್ಟ ಹೆಸರು

ಎರಡನೇ ಸಲ ಕಣ್ಣಿಗೆ ಹನಿ ಬಿಟ್ಟು ಹೋದ ಮೇಲೆ ಎದುರಿನ ಗೋಡೆ ಗೋಡೆಯಾಗಿ ಉಳಿಯಲಿಲ್ಲ. ಹಾಲು ಚೆಲ್ಲಿದ ಹಾಗೆ ಬೆಳಕು ಎಲ್ಲೆಡೆ ಹರಡಿಕೊಂಡು, ಅದರೊಳಗೆ ಜನ ನೆನೆದ ಕಾಗದದ ಬೊಂಬೆಗಳಂತೆ ಅಂಚು ಕಳೆದುಕೊಂಡು ಓಡಾಡುತ್ತಿದ್ದರು. "ಪಾಪೆ ಅಗಲ ಆಗ್ಬೇಕಮ್ಮ, ಕಣ್ಣು ಮುಚ್ಕೊಂಡು ಕೂತಿರಿ, ಕರೀತೀವಿ" ಎಂದು ಹೇಳಿ ಹನಿ ಹಾಕುವ ಹುಡುಗಿ ಮುಂದಿನ ಕುರ್ಚಿಗೆ ಹೋಗಿದ್ದಳು. ಬೆಳಿಗ್ಗೆ ಮಗಳು ಅವಳನ್ನು ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ಮುಗಿದ ಮೇಲೆ ಫೋನ್ ಮಾಡು ಎಂದು ಆಫೀಸಿಗೆ ಓಡಿದ್ದಳು. ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಅವಳಿಗೆ ಒಗ್ಗದ ಕೆಲಸ. ಮುಚ್ಚಿದರೆ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ, ಹಳೆಯ ಅಭ್ಯಾಸ. ಅರ್ಧ ಆಯುಷ್ಯವನ್ನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಈ ಊರಿನವರನ್ನು ಆ ಊರಿನವರಿಗೆ ಜೋಡಿಸುತ್ತ ಕಳೆದವಳು ಅವಳು. ಮುಖ ನೋಡದೆ ಮನುಷ್ಯರನ್ನು ಅರಿಯುವುದು ಆ ಕೆಲಸ ಕಲಿಸಿದ ವಿದ್ಯೆ. ಈಗಲೂ ಅಷ್ಟೆ. ಚಪ್ಪಲಿ ಎಳೆದುಕೊಂಡು ನಡೆಯುವವರು, ಔಷಧಿಯ ಚೀಲವನ್ನು ಪರಪರ ಅನ್ನಿಸುವವರು, ಕೆಮ್ಮುವ ಮೊದಲು ಅಪ್ಪಣೆ ಕೇಳುವವರಂತೆ ಗಂಟಲು ಸರಿಮಾಡಿಕೊಳ್ಳುವ ಪಕ್ಕದ ಕುರ್ಚಿಯ ಮುದುಕರು. ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತ ಇನ್ನೊಬ್ಬ ಹುಡುಗಿ ಒಂದೊಂದೇ ಹೆಸರು ಕರೆಯುತ್ತಿದ್ದಳು. ಎಲ್ಲ ಬಳಸಿ ಬಳಸಿ ಸವೆದ ಹೆಸರುಗಳು, ಒಂದನ್ನು ಕೂಗಿದರೆ ಇಬ್ಬರು ಏಳುವಂಥವು. ಅವಳು ಅವನ್ನು ಮನಸ್ಸಿಟ್ಟು ಕೇಳುತ್ತಲೂ ಇರಲಿಲ್ಲ. ಆಗ ಆ ಹೆಸರು ಬಂತು.

ಹುಡುಗಿ ಅದನ್ನು ತಡವರಿಸದೆ ಕರೆದಳು. ಮೊದಲು ಬೆಚ್ಚಿಸಿದ್ದು ಅದೇ. ಆ ಹೆಸರನ್ನು ಹೊಸಬರು ಯಾರೂ ಒಂದೇ ಸಲಕ್ಕೆ ಸರಿಯಾಗಿ ಹೇಳಿದ್ದಿಲ್ಲ, ನಡುವಿನ ಒತ್ತಕ್ಷರದಲ್ಲಿ ಎಡವಿ, ಕೊನೆಯಲ್ಲಿ ಇನ್ನೊಂದು ಅಕ್ಷರ ಇರಬೇಕೇನೋ ಎಂದು ಕಾದು, "ಏನಂದ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಇವಳು ಮನೆಯ ತಮ್ಮನನ್ನು ಊಟಕ್ಕೆ ಕರೆಯುವ ಹಾಗೆ ಸಲೀಸಾಗಿ ಕರೆದುಬಿಟ್ಟಳು. ತಾನು ಯಾವಾಗ ಎದ್ದು ನಿಂತೆ ಎಂಬುದು ಅವಳಿಗೇ ಗೊತ್ತಾಗಲಿಲ್ಲ. ತೊಡೆಯ ಮೇಲಿದ್ದ ಕೈಚೀಲ ಜಾರಿ ಬಿತ್ತು. ಕನ್ನಡಕದ ಡಬ್ಬಿ ಕುರ್ಚಿಗಳ ಕೆಳಗೆ ಉರುಳಿ ಹೋಯಿತು. "ಬಂದೆ ಬಂದೆ" ಎಂದು ಹಿಂದಿನ ಸಾಲಿನಿಂದ ಒಂದು ಎಳೆ ಗಂಡುದನಿ ಎದ್ದು, ಅವಳ ಭುಜವನ್ನು ಸವರಿಕೊಂಡೇ ಮುಂದೆ ಹೋಯಿತು. ಪಕ್ಕದ ಮುದುಕರು ಬಗ್ಗಿ ಡಬ್ಬಿ ಎತ್ತಿಕೊಟ್ಟು, "ನಿಮ್ಮನ್ನಲ್ಲ ತಾಯಿ ಕರೆದದ್ದು. ಕೂತ್ಕೊಳ್ಳಿ, ಅದು ಗಂಡಸಿನ ಹೆಸರು" ಎಂದರು. ಯಾರೋ ಸಣ್ಣಗೆ ನಕ್ಕರು. ಅವಳು ಕುಳಿತಳು. ಕಿವಿ ಬಿಸಿಯಾಗಿತ್ತು. ಅದು ಗಂಡಸಿನ ಹೆಸರು ಎಂದು ಈ ಭೂಮಿಯ ಮೇಲೆ ಮೊಟ್ಟಮೊದಲು ತೀರ್ಮಾನ ಮಾಡಿದವಳೇ ನಾನು ಸ್ವಾಮಿ, ಎಂದು ಹೇಳಬೇಕೆನಿಸಿತು. ಹೇಳಿದರೆ ಹುಚ್ಚಿ ಎಂದುಕೊಂಡಾರು.

ಅಲಮಾರಿನ ಹಿಂದೆ ಇದ್ದವನು ಅವನು. ಸಾಬೂನು ಕಾರ್ಖಾನೆಯವರು ಅಪ್ಪನಿಗೆ ಕೊಟ್ಟಿದ್ದ ಎರಡು ಕೋಣೆಯ ಮನೆಯಲ್ಲಿ, ಅಲಮಾರಿಗೂ ಗೋಡೆಗೂ ನಡುವೆ ಒಂದು ಮಗು ಅಡ್ಡವಾಗಿ ತೂರಬಹುದಾದಷ್ಟು ಜಾಗವಿತ್ತು. ಅಲ್ಲಿ ಕತ್ತಲೆ ತಣ್ಣಗಿರುತ್ತಿತ್ತು, ಮರದ ವಾಸನೆಗೆ ಅಪ್ಪನ ಬಟ್ಟೆಗಳ ಸಾಬೂನಿನ ವಾಸನೆ ಸೇರಿಕೊಂಡಿರುತ್ತಿತ್ತು. ಅಮ್ಮ ಬೈದಾಗ, ಶಾಲೆಯಲ್ಲಿ ಯಾರೂ ಆಟಕ್ಕೆ ಸೇರಿಸಿಕೊಳ್ಳದಾಗ ಅವಳು ಅಲ್ಲಿ ಹೋಗಿ ಕೂರುತ್ತಿದ್ದಳು. ಅಲ್ಲಿ ಒಬ್ಬನಿದ್ದ. ಅವನಿಗೆ ಮುಖವಿರಲಿಲ್ಲ, ವಯಸ್ಸಿರಲಿಲ್ಲ, ಹೆಸರೊಂದಿತ್ತು. ಆ ಹೆಸರನ್ನು ಅವಳು ಕಟ್ಟಿದ್ದಲ್ಲ. ಒಂದು ಮಧ್ಯಾಹ್ನ ಬಾಯಿಗೆ ತಾನಾಗಿ ಬಂದಿತ್ತು, ಮೂರಕ್ಷರ, ತುಟಿಯಲ್ಲಿ ಹುಟ್ಟಿ ನಾಲಿಗೆಯ ತುದಿಗೆ ಬಂದು ನಿಲ್ಲುವಂಥದು. ಪಿಸುಗುಟ್ಟಿದರೆ ಸಾಕು, ಅವನು ಇದ್ದ. ಆಮೇಲೆ ಅಮ್ಮನ ಹೊಟ್ಟೆ ದೊಡ್ಡದಾಯಿತು. "ಹೆಣ್ಣಾದರೆ ಹೆಸರು ಅಮ್ಮ ಇಡ್ತಾಳೆ, ಗಂಡಾದರೆ ನೀನಿಡು" ಎಂದು ಅಪ್ಪ ಒಪ್ಪಂದ ಮಾಡಿದ. ಏಳು ವರ್ಷದ ಹುಡುಗಿಗೆ ಅಷ್ಟು ದೊಡ್ಡ ಅಧಿಕಾರವನ್ನು ಅದಕ್ಕೆ ಮೊದಲೂ ಯಾರೂ ಕೊಟ್ಟಿರಲಿಲ್ಲ, ಆಮೇಲೂ ಕೊಡಲಿಲ್ಲ. ಗಂಡೇ ಆಯಿತು. ಜನನ ನೋಂದಣಿಯ ಕಛೇರಿಗೆ ಅಪ್ಪ ಅವಳನ್ನು ಕೈಹಿಡಿದು ಕರೆದುಕೊಂಡು ಹೋದ. ಕಟಕಟೆಯ ಆಚೆ ಗುಮಾಸ್ತ ಲೇಖನಿ ಎತ್ತಿ ಹಿಡಿದು, "ಹೆಸರು?" ಎಂದ. ಅಪ್ಪ ಅವಳ ಕಡೆ ನೋಡಿದ. ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದ ಒಳ್ಳೊಳ್ಳೆಯ ಹೆಸರುಗಳೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋದವೋ. ಬಾಯಿ ತೆರೆದರೆ ಬಂದದ್ದು ಅದೊಂದೇ.

"ಇದೆಂಥ ಹೆಸರು ಮರೀ? ಎಲ್ಲಿಂದ ತಂದೆ?" ಎಂದು ಗುಮಾಸ್ತ ನಕ್ಕ. ಅಲಮಾರಿನ ಹಿಂದಿನಿಂದ ಎಂದು ಹೇಳುವುದು ಹೇಗೆ? "ಒಬ್ಬ ರಾಜಂದು. ನಮ್ಮ ಪುಸ್ತಕದಲ್ಲಿದೆ" ಎಂದಳು. ಅಪ್ಪನ ಎದೆ ಉಬ್ಬಿತು. ನಾಲ್ಕಕ್ಷರ ಕಲಿತಿರದ ಅಪ್ಪ, ಮಗಳು ಪುಸ್ತಕದಿಂದ ರಾಜನ ಹೆಸರು ತೆಗೆದಿಟ್ಟಳು ಎಂದು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದ. ಅವತ್ತು ಸಂಜೆ ಅವಳು ಅಲಮಾರಿನ ಹಿಂದೆ ಹೋಗಿ ಕರೆದಳು. ತಿರುಗಿ ಕರೆದಳು. ಹಾಸಿಗೆಯ ಮೇಲೆ ಮಗು ಅತ್ತಿತು. ಕತ್ತಲೆಯಲ್ಲಿ ಯಾರೂ ಇರಲಿಲ್ಲ. ಅಲ್ಲಿದ್ದದ್ದು ಬರೀ ಗೋಡೆ, ಬರೀ ಧೂಳು. ಹೆಸರು ಕೊಟ್ಟುಬಿಟ್ಟ ಮೇಲೆ ಅವನು ಬರಲೇ ಇಲ್ಲ. ಕೆಲವು ದಿನ ಅವಳಿಗೆ ಮಗುವಿನ ಮೇಲೆ ಸಿಟ್ಟಿತ್ತು. ಒಂದು ದಿನ ಅದು ಅವಳ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಂಡು ಬಿಡದೆ ಮಲಗಿತು. ಎಬ್ಬಿಸಬಾರದೆಂದು ಅವಳು ಉಚ್ಚೆ ತಡೆದುಕೊಂಡು ಕೂತಿದ್ದಳು. ಅಲ್ಲಿಗೆ ಸಿಟ್ಟು ಮುಗಿಯಿತು.

ಮುಂದೆ ಆ ಹೆಸರನ್ನು ಅವಳು ಎಷ್ಟು ಕೂಗಿದಳು! ಸಂಜೆಯಾದರೆ ಕಾರ್ಖಾನೆಯ ಮನೆಗಳ ಬಾಗಿಲುಗಳಲ್ಲಿ ಅಮ್ಮಂದಿರು ನಿಂತು ಮಕ್ಕಳನ್ನು ಕರೆಯುತ್ತಿದ್ದರು. ಒಂದೇ ಹೆಸರಿಗೆ ಮೂರು ಮನೆಯ ಹುಡುಗರು ಓಡಿಬಂದು ಜಗಳವಾಗುತ್ತಿತ್ತು. ಅವಳ ಕೂಗಿಗೆ ಬರುತ್ತಿದ್ದವನು ಒಬ್ಬನೇ, ಮಂಡಿಗೆ ಮಣ್ಣು ಮೆತ್ತಿಕೊಂಡು, ಚಡ್ಡಿ ಎಳೆದುಕೊಳ್ಳುತ್ತ. ಕೊನೆಯ ಅಕ್ಷರವನ್ನು ಎಳೆದರೆ ನೀರಿನ ಟ್ಯಾಂಕಿನವರೆಗೂ ಕೇಳಿಸುತ್ತಿತ್ತು. ಅಕ್ಕನ ಗಂಟಲಿಗಾಗಿಯೇ ಮಾಡಿಸಿದ ಹೆಸರು ಎಂದು ಅಮ್ಮ ನಗುತ್ತಿದ್ದಳು. ಶಾಲೆಯಲ್ಲಿ ಮಾತ್ರ ಹಾಗಿರಲಿಲ್ಲ. ಹುಡುಗರು ಹೆಸರನ್ನು ತಿರುಚಿ ಒಂದು ಪ್ರಾಣಿಯ ಕೂಗು ಮಾಡಿದರು; ಮೇಷ್ಟ್ರು ಹಾಜರಿ ಕರೆಯುವಾಗ ಪ್ರತಿ ವರ್ಷ ಹೊಸದಾಗಿ ನಿಲ್ಲಿಸಿ, "ಇದರ ಅರ್ಥವೇನಪ್ಪ?" ಎಂದರು. "ರಾಜಂದು ಸಾರ್" ಎಂದರೆ, "ಯಾವ ರಾಜ? ಎಲ್ಲಿಯವನು?" ತಮ್ಮ ಹತ್ತು ವರ್ಷದವನಿದ್ದಾಗ ಒಂದು ದಿನ ಲೈಬ್ರರಿಯಿಂದ ಬಂದು, ಹೊಸಿಲ ಮೇಲೆ ಕೂತು, ಅವಳು ಕೂದಲು ಬಾಚಿಕೊಳ್ಳುವುದನ್ನೇ ನೋಡುತ್ತ ಕೇಳಿದ: "ಅಕ್ಕಾ, ಆ ರಾಜ ಯಾವ ಪುಸ್ತಕದಲ್ಲಿದ್ದಾನೆ? ನಾನು ಇತಿಹಾಸದ ಕಪಾಟು ಪೂರ್ತಿ ಹುಡುಕಿದೆ." ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. "ಆ ಪುಸ್ತಕ ಕಳೆದುಹೋಯ್ತು ಕಣೋ" ಎಂದಳು. "ಒಳ್ಳೇ ರಾಜಾನಾ?" "ತುಂಬಾ ಒಳ್ಳೆಯವನು." "ಯುದ್ಧ ಮಾಡ್ತಿದ್ನಾ?" "ಇಲ್ಲ. ಸುಮ್ನೆ ಜೊತೆಗೆ ಕೂತಿರ್ತಿದ್ದ." ಅವನು ಸರಿ ಎಂಬಂತೆ ತಲೆಯಾಡಿಸಿ ಎದ್ದುಹೋದ. ಮತ್ತೆಂದೂ ಕೇಳಲಿಲ್ಲ.

ಒಳಗೆ ಹೋದ ಹುಡುಗ ಹೊರಗೆ ಬಂದ. ಹೆಜ್ಜೆಯಿಂದಲೇ ಗೊತ್ತಾಯಿತು, ರಬ್ಬರ್ ಅಡಿಯ ಬೂಟು, ಅವಸರವಿಲ್ಲದ ನಡಿಗೆ. ಅವನಿಗೂ ಹನಿ ಹಾಕಿಸಿಕೊಂಡು ಕಾಯಲು ಹೇಳಿದ್ದರೇನೋ, ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ನಿಂತ. ಅವಳು ಕಣ್ಣು ಕಿರಿದುಗೊಳಿಸಿ ನೋಡಿದಳು. ಎತ್ತರದ ಒಂದು ಕಂದು ಮಸುಕು, ಮೇಲೆ ಕಪ್ಪು. ಯಾರ ಮಗನೋ. ಎಕ್ಸ್‌ಚೇಂಜಿನ ಅಷ್ಟು ವರ್ಷಗಳಲ್ಲಿ ಎಷ್ಟು ಸಾವಿರ ಹೆಸರು ಅವಳ ಕಿವಿಯಲ್ಲಿ ಹಾದುಹೋಗಿದ್ದವು. ಸತ್ತವರ ಸುದ್ದಿ ಹೇಳುವವರ ಹೆಸರು, ಸಾಲ ಕೇಳುವವರ ಹೆಸರು, ಪ್ರೀತಿ ಮಾಡಿ ಮಾತು ಸಿಗದೆ ಉಸಿರಾಡುತ್ತ ಕೂತವರ ಹೆಸರು. ಒಂದು ಸಲವೂ ಯಾರೂ ಆ ಹೆಸರಿನವನನ್ನು ಕೊಡಿ ಎಂದಿರಲಿಲ್ಲ. ಮೊದಮೊದಲು ಅವಳು ಅದಕ್ಕಾಗಿ ಕಾದಿದ್ದುಂಟು. ಎಲ್ಲೋ ದೂರದ ಊರಿನಲ್ಲಿ ಇನ್ನೊಬ್ಬನಿದ್ದರೆ ತನ್ನ ಸುಳ್ಳು ಅಷ್ಟರಮಟ್ಟಿಗೆ ನಿಜವಾದೀತು ಎಂದು. ಆಮೇಲೆ ಕಾಯುವುದನ್ನು ಬಿಟ್ಟಳು. ಆಮೇಲೆ ಹೆಸರನ್ನೇ ಬಾಯಲ್ಲಿ ಆಡುವುದನ್ನು ಬಿಟ್ಟಳು. ಮದುವೆಯಾಗಿತ್ತು. ಗಂಡನ ಮನೆಯವರು ಹೆಸರು, ಹುದ್ದೆ, ಮನೆ ಯಾವ ಬೀದಿಯಲ್ಲಿ ಎಂಬುದನ್ನು ಒಂದೇ ಉಸಿರಿನಲ್ಲಿ ಕೇಳುವ ಜನ. ತಮ್ಮನೋ ಊರಿನ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ.

ನಾದಿನಿಯ ನಿಶ್ಚಿತಾರ್ಥದ ಸಂಜೆ ಅದು. ಮನೆ ತುಂಬ ಜನ, ಬಾಡಿಗೆಗೆ ತಂದ ಕುರ್ಚಿಗಳು, ಬೆವರು, ಹೂವಿನ ವಾಸನೆ. ತಮ್ಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದ. ಬಾಗಿಲಲ್ಲಿ ಚಪ್ಪಲಿಯನ್ನು ಬೇರೆಯವರ ಚಪ್ಪಲಿಯಿಂದ ಸ್ವಲ್ಪ ದೂರ ಬಿಟ್ಟ. ವರನ ಕಡೆಯ ಹಿರಿಯರೊಬ್ಬರು, "ಇವರು?" ಎಂದರು. "ನನ್ನ ತಮ್ಮ" ಎಂದಳು. "ಹೆಸರು?" ಗಂಡ ಪಕ್ಕದಲ್ಲೇ ನಿಂತಿದ್ದ, ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಆ ಹೆಸರು ಹೇಳಿದರೆ, ಏನಂದ್ರಿ ಎನ್ನುತ್ತಾರೆ, ಮತ್ತೆ ಹೇಳಬೇಕು, ಅರ್ಥವೇನು ಎನ್ನುತ್ತಾರೆ, ರಾಜ ಬರಬೇಕು. ಅವಳ ಬಾಯಿ ಬೀದಿಗೆ ಹತ್ತು ಮಂದಿಗಿರುವ ಒಂದು ಮಾಮೂಲಿ ಹೆಸರನ್ನು ಹೇಳಿಬಿಟ್ಟಿತು, ದಿನಾ ಪೇಪರ್ ಹಾಕುವವನ ಹೆಸರು. "ಏನು ಮಾಡ್ಕೊಂಡಿದಾರೆ?" "ಆಸ್ಪತ್ರೆಯಲ್ಲಿದಾನೆ." ಅಷ್ಟೇ ಹೇಳಿ ನಿಲ್ಲಿಸಿದಳು, ಉಳಿದದ್ದನ್ನು ಅವರೇ ತುಂಬಿಕೊಳ್ಳಲಿ ಎಂಬಂತೆ. ತಮ್ಮ ಅವಳ ಮುಖ ನೋಡಿದ, ಒಂದೇ ಕ್ಷಣ, ಲೈಬ್ರರಿಯಿಂದ ಬಂದ ದಿನ ನೋಡಿದ ಹಾಗೆಯೇ. ಆಮೇಲೆ ಸಂಜೆಯೆಲ್ಲ ಆ ಮಾಮೂಲಿ ಹೆಸರಿಗೆ ಓಗೊಟ್ಟ. ಯಾರು ಕರೆದರೂ ತಡಮಾಡದೆ ತಿರುಗಿದ. ಊಟದ ಹೊತ್ತಿಗೆ ಆ ಹಿರಿಯರು ವಿನಯದಿಂದ ದನಿ ತಗ್ಗಿಸಿ, "ಡಾಕ್ಟರೇ, ನನ್ನ ಮಂಡಿ ನೋವಿಗೆ ಏನಾದರೂ ಹೇಳಿ" ಎಂದು ಅವನ ಹತ್ತಿರ ಕುರ್ಚಿ ಎಳೆದುಕೊಂಡರು. ತಮ್ಮ ಗಂಭೀರವಾಗಿ ಕೇಳಿಸಿಕೊಂಡು, "ಮೆಟ್ಟಿಲು ಹತ್ತಬೇಡಿ ಯಜಮಾನ್ರೇ. ಲಿಫ್ಟ್ ಇದ್ದ ಕಡೆ ಲಿಫ್ಟಲ್ಲೇ ಹೋಗಿ" ಎಂದ. ಅವಳು ಗೇಟಿನವರೆಗೆ ಕಳಿಸಲು ಹೋದಳು. ಅವನೇ ಮಾತಾಡಿದ: "ಸುಲಭದ ಹೆಸರು ಅಕ್ಕಾ. ಯಾರೂ ಎರಡನೇ ಸಲ ಕೇಳಲಿಲ್ಲ." ಕೊಂಕಿನಿಂದ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನಿಗೆ ಕೊಂಕು ಬರುತ್ತಿರಲಿಲ್ಲ.

ಮಗಳು ಹುಟ್ಟುವಾಗ ಅವನ ಆಸ್ಪತ್ರೆಗೆ ಹೋಗಲಿಲ್ಲ. ಗಂಡನ ಮನೆಯವರು ಖಾಸಗಿ ನರ್ಸಿಂಗ್ ಹೋಮ್ ಗೊತ್ತು ಮಾಡಿದ್ದರು, ಅವಳು ಬೇಡವೆನ್ನಲಿಲ್ಲ. ತನ್ನನ್ನು ತಮ್ಮ ಲಿಫ್ಟಿನಲ್ಲಿ ಮೇಲಕ್ಕೆ ಒಯ್ಯುವುದನ್ನು ಅತ್ತೆ ನೋಡುವಂತಾಗಬಾರದು ಎಂಬ ಭಯ ಆಗ ಹೆರಿಗೆಯ ಭಯಕ್ಕಿಂತ ದೊಡ್ಡದಾಗಿತ್ತು. ಅವನು ಅಲ್ಲಿಗೂ ಬಂದ, ಏದುಸಿರು ಬಿಡುತ್ತ. ಲಿಫ್ಟ್ ಇತ್ತಲ್ಲೋ ಎಂದರೆ, "ನನಗೆ ಲಿಫ್ಟ್ ನಡೆಸೋದು ಗೊತ್ತು, ಅದರಲ್ಲಿ ಸುಮ್ನೆ ನಿಂತ್ಕೊಳ್ಳೋದು ಗೊತ್ತಿಲ್ಲ" ಎಂದು ನಕ್ಕು, ಮಗುವಿನ ಮುಷ್ಟಿಯೊಳಗೆ ತನ್ನ ಕಿರುಬೆರಳು ತೂರಿಸಿ, ಅದು ಬಿಡುವವರೆಗೆ ಹಾಗೇ ಬಗ್ಗಿ ನಿಂತಿದ್ದ. ಅವನು ಮದುವೆಯಾಗಲಿಲ್ಲ. ಕೇಳಿದವರಿಗೆ, "ನನ್ನ ಹೆಸರು ಕಲಿಯೋದರೊಳಗೆ ಹುಡುಗಿಗೆ ವಯಸ್ಸಾಗುತ್ತೆ" ಎನ್ನುತ್ತಿದ್ದ. ನಿವೃತ್ತಿಯಾದ ಮರುವರ್ಷ ಬಸ್ಸಿಗೆ ಕಾಯುತ್ತ ನಿಂತವನು ಕುಸಿದು ಕೂತ, ಆಮೇಲೆ ಏಳಲಿಲ್ಲ. ಅವಳು ಅವನ ಒಂಟಿ ಕೋಣೆ ಖಾಲಿ ಮಾಡಲು ಹೋದಾಗ ಮನೆ ಮಾಲೀಕ, "ನಿಮ್ಮ ತಮ್ಮನ ಹೆಸರು ನಾನೆಲ್ಲೂ ಕೇಳಿಲ್ಲ, ಆ ಹೆಸರಿನವರು ಬೇರೆ ಯಾರಾದರೂ ಇದಾರೇನಮ್ಮ?" ಎಂದಿದ್ದ. ಇಲ್ಲ ಎಂದಿದ್ದಳು. ಅವತ್ತು ಹೊರಗಿನ ಬೀದಿಯಲ್ಲಿ ನಿಂತು ಅವಳು ಅತ್ತದ್ದು ಅವನಿಗಾಗಿಯೋ, ಜಗತ್ತಿನಿಂದ ಆ ಮೂರಕ್ಷರ ಅಳಿಸಿಹೋಯಿತೆಂದೋ, ಈಗಲೂ ಬಿಡಿಸಿ ಹೇಳಲಾರಳು.

"ಲೇ, ಕುರ್ಚಿ ಮೇಲೆ ಬೂಟು ಇಡಬೇಡ ಅಂದೆ! ಇಳೀತೀಯೋ ಇಲ್ವೋ?" ಎಂದು ಬಲಗಡೆ ಒಬ್ಬ ಹೆಂಗಸು ಗದರಿದಳು. ಖಾಲಿಯಾದ ಕುರ್ಚಿಗೆ ಈಗಷ್ಟೇ ಬಂದು ಕೂತವಳು. ಅವಳ ಜೊತೆ ನಾಲ್ಕೈದು ವರ್ಷದ ಮಗುವೊಂದಿತ್ತು. ಅದು ಕುರ್ಚಿಯಿಂದ ಕುರ್ಚಿಗೆ ಹಾರುವುದು ಕಂಪನದಿಂದ ತಿಳಿಯುತ್ತಿತ್ತು. ತಾಯಿ ಮತ್ತೊಮ್ಮೆ ಗದರಿದಳು, ಈ ಸಲ ಹೆಸರು ಹಿಡಿದು.

ಅದೇ ಹೆಸರು.

ಕಿವಿ ಮೋಸ ಮಾಡಿತೇನೋ ಎಂದು ಅವಳು ಉಸಿರು ಬಿಗಿಹಿಡಿದು ಕಾದಳು. ಮಗು ಇಳಿಯಲಿಲ್ಲ, ತಾಯಿ ಮತ್ತೆ ಕೂಗಿದಳು, ಕೊನೆಯ ಅಕ್ಷರವನ್ನು ಎಳೆದು. ಸಂದೇಹವೇ ಇಲ್ಲ. ಅವಳು ಬಲಕ್ಕೆ ತಿರುಗಿ ಕೇಳಿದಳು, "ಏನಮ್ಮ ಮಗುವಿನ ಹೆಸರು? ಅಪರೂಪದ್ದು."

"ಅಪರೂಪ ಎಲ್ಲಿ ಬಂತು ಬಿಡಿ ಆಂಟಿ" ಎಂದು ತಾಯಿ ನಕ್ಕಳು. "ನಮ್ಮ ಬೀದೀಲೇ ಇನ್ನಿಬ್ಬರಿದಾರೆ. ಇವನ ಕ್ಲಾಸಲ್ಲೊಬ್ಬ. ಟೀಚರ್ ದೊಡ್ಡವನು, ಚಿಕ್ಕವನು ಅಂತ ಕರೀತಾರೆ. ಇವನು ಚಿಕ್ಕವನು, ಅದಕ್ಕೆ ದಿನಾ ಮನೇಲಿ ರಗಳೆ. ಆ ದೊಡ್ಡ ಹೆರಿಗೆ ಆಸ್ಪತ್ರೆ ಇದೆಯಲ್ಲ, ಅಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಹುಡುಕಿ ನೋಡಿ, ಎಷ್ಟು ಜನ ಸಿಗ್ತಾರೆ ಅಂತ."

"ಯಾಕೆ?"

"ಅಲ್ಲೊಬ್ಬರು ಲಿಫ್ಟಿನವರಿದ್ರು" ಎಂದಳು ತಾಯಿ. ಮಗುವಿನ ಬೂಟಿನ ದಾರ ಕಟ್ಟುತ್ತಿದ್ದಳೇನೋ, ದನಿ ಕೆಳಗಿನಿಂದ ಬರುತ್ತಿತ್ತು. "ಹಳೇ ಕಾಲದ ಲಿಫ್ಟು, ಆಮೆ ಥರ ಹೋಗೋದು. ನನ್ನನ್ನ ಸ್ಟ್ರೆಚರ್ ಮೇಲೆ ಹಾಕಿ ಒಳಗೆ ತಳ್ಳಿದಾಗ ಜೀವ ಹೋಗ್ತಾ ಇತ್ತು, ಆಂಟಿ. ನಮ್ಮಮ್ಮ ಅಳ್ತಿದ್ಲು, ನರ್ಸು ಬೈತಿದ್ಲು. ಮಲಗಿದವರ ಕಣ್ಣಿಗೆ ಬೇರೇನು ಕಾಣುತ್ತೆ ಹೇಳಿ, ಅವರ ಅಂಗಿ ಜೇಬಿನ ಮೇಲಿದ್ದ ಹೆಸರಿನ ಪಟ್ಟಿ ಕಾಣ್ತಿತ್ತು. ಅವರು ಬಗ್ಗಿ ಮೆಲ್ಲಗೆ ಹೇಳಿದ್ರು, 'ನೋಡಮ್ಮ, ಇದು ನನ್ನ ಹೆಸರು. ಇದರ ಅರ್ಥ ಏನು ಅಂತ ಮೂರನೇ ಮಹಡಿ ಬರೋದರೊಳಗೆ ಹೇಳಿಬಿಟ್ರೆ ಹೆರಿಗೆ ಸಲೀಸು.' ನನಗೆ ಸಿಟ್ಟು ಬಂತು. ಆದ್ರೂ ಮನಸ್ಸು ಅತ್ಲಾಗೆ ಹೋಯ್ತು ನೋಡಿ. ಮರಾನಾ ಅಂದೆ. ಅಲ್ಲ ಅಂದ್ರು. ನದೀನಾ ಅಂದೆ. 'ಹತ್ತಿರ ಬಂದ್ರಿ' ಅಂದ್ರು. ಅಷ್ಟರಲ್ಲಿ ಬಾಗಿಲು ತೆಗೀತು."

"ಅರ್ಥ ನದಿ ಅಂತಾನಾ?" ಪಕ್ಕದ ಮುದುಕರು ಕುತೂಹಲದಿಂದ ಬಗ್ಗಿದ್ದರು.

"ಅಯ್ಯೋ, ಕೇಳಿ. ಆಮೇಲೆ ವಾರ್ಡಲ್ಲಿ ನಾವೆಲ್ಲ ಮಾತಾಡ್ಕೊಂಡ್ರೆ, ಒಬ್ಬಳು ದೀಪ ಅಂದಿದ್ಲಂತೆ, ಅವಳಿಗೂ ಹತ್ತಿರ ಬಂದ್ರಿ. ಇನ್ನೊಬ್ಬಳು ಬಾಯಿಗೆ ಬಂದ ಹಾಗೆ ಕುದುರೆ ಅಂದ್ಲಂತೆ, ಅವಳಿಗೂ ಅದೇ! ಹೊಟ್ಟೆ ಹೊಲಿಗೆ ಹರಿಯೋ ಹಾಗೆ ನಕ್ಕಿದ್ವಿ. ಮನೆಗೆ ಹೊರಡೋ ದಿನ ಲಿಫ್ಟಲ್ಲಿ ಇಳೀತಾ ನಾನು ಬಿಡಲಿಲ್ಲ. ಮಗೂಗೆ ನಿಮ್ಮ ಹೆಸರೇ ಇಡ್ತೀನಿ, ಈಗಲಾದ್ರೂ ಅರ್ಥ ಹೇಳಿ ಅಂದೆ. 'ನನಗೂ ಗೊತ್ತಿಲ್ಲಮ್ಮ' ಅಂದ್ರು. 'ನಮ್ಮಕ್ಕನಿಗೆ ಗೊತ್ತು. ಅವಳು ತುಂಬಾ ಓದಿದವಳು, ಅವಳೇ ಇಟ್ಟಿದ್ದು.' ಮಗೂನ ನೋಡಿ ಕಣ್ಣು ತುಂಬ್ಕೊಂಡ್ರು. ಈಗ ಅಲ್ಲಿ ಹೊಸ ಲಿಫ್ಟಂತೆ, ಗುಂಡಿ ಒತ್ತಿದ್ರೆ ಹೋಗುತ್ತೆ. ಅವರು ಎಲ್ಲಿದಾರೋ." ತಾಯಿ ನೆಟ್ಟಗೆ ಕೂತಳು. "ಯಾಕೆ ಆಂಟಿ, ನಿಮಗೆ ಅವರು ಗೊತ್ತಿತ್ತಾ?"

"ಇಲ್ಲ" ಎಂದಳು ಅವಳು. "ಸುಮ್ನೆ ಕೇಳಿದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ತನ್ನ ಕಿವಿಗೇ ಅದು ಯಾರೋ ಬೇರೆಯವರು ಹೇಳಿದಂತೆ ಕೇಳಿಸಿತು. ಯಾರಿಗೆ ಹೆದರಿದೆ ಈಗ? ಅತ್ತೆ ಹೋಗಿ ಕಾಲವಾಯಿತು. ಗಂಡನಿಗೆ ಈಗ ಯಾರ ಹೆಸರೂ ಸರಿಯಾಗಿ ನೆನಪಿರುವುದಿಲ್ಲ. ಈ ಕುರ್ಚಿಗಳ ಸಾಲಿನಲ್ಲಿ ಅವಳನ್ನು ಅಳೆಯುವವರು ಯಾರೂ ಇರಲಿಲ್ಲ, ಕಣ್ಣಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ ಕೂಡ. ಆದರೂ ನಾಲಿಗೆ ತಾನು ಕಲಿತ ದಾರಿಯಲ್ಲೇ ನಡೆದುಬಿಟ್ಟಿತು. ನದಿ, ದೀಪ, ಕುದುರೆ. ಅವನು ಲಿಫ್ಟಿನ ಕಬ್ಬಿಣದ ಜಾಲರಿ ಎಳೆದು ಮುಚ್ಚಿ, ನೋವಿನಿಂದ ಹಲ್ಲು ಕಚ್ಚಿದ ಹೆಂಗಸೊಬ್ಬಳ ಮೇಲೆ ಬಗ್ಗಿ, ಶಾಲೆಯ ಹುಡುಗರು ಮೇಷ್ಟ್ರುಗಳು ಹಂಗಿಸಿದ್ದ ಅದೇ ಪ್ರಶ್ನೆಯನ್ನು ತಾನಾಗಿಯೇ ಎತ್ತಿ ಅವಳ ಕೈಗೆ ಕೊಡುತ್ತಿದ್ದ. ಒಂದು ಸಲವಲ್ಲ, ದಿನಾ, ಎಷ್ಟೋ ವರ್ಷ. ಅವನು ಅಕ್ಕನನ್ನು ನಂಬಿಯೇ ಇದ್ದನೋ, ಅಥವಾ ಸುಳ್ಳೆಂದು ಎಂದೋ ತಿಳಿದೂ ಅಕ್ಕನ ಮಾನ ಕಾಯುತ್ತಿದ್ದನೋ? ಅವನನ್ನು ಕಂಡಾಗಲೆಲ್ಲ ಊಟ ಆಯ್ತಾ, ಬಾಡಿಗೆ ಹೆಚ್ಚಾಯ್ತಾ ಎಂದು ಕೇಳಿದ್ದಳೇ ಹೊರತು, ಇಡೀ ದಿನ ಆ ಪೆಟ್ಟಿಗೆಯೊಳಗೆ ಏನು ಮಾಡ್ತೀಯೋ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೇಲೆ ಹೋಗುತ್ತಾನೆ, ಕೆಳಗೆ ಬರುತ್ತಾನೆ ಎಂದುಕೊಂಡಿದ್ದಳು.

ಬಾಗಿಲಿನ ಹುಡುಗಿ ಮಗುವಿನ ತಾಯಿಯ ಹೆಸರು ಕರೆದಳು. "ಅಯ್ಯೋ, ನನ್ನನ್ನೇ. ಆಂಟಿ, ಇವನನ್ನ ಒಂದು ನಿಮಿಷ ನೋಡ್ಕೊಳ್ತೀರಾ? ಒಳಗೆ ಕರ್ಕೊಂಡು ಹೋದ್ರೆ ಎಲ್ಲ ಮಿಷನ್ನೂ ಮುಟ್ತಾನೆ" ಎಂದು ಉತ್ತರಕ್ಕೂ ಕಾಯದೆ ತಾಯಿ ಒಳಗೆ ಹೋದಳು. ಅವಳು ಗಾಬರಿಯಿಂದ ಕೈಚಾಚಿ ಮಗುವಿನ ತೋಳು ಹಿಡಿದಳು. ಬಿಸಿಯಾದ, ಜಿಗಿಜಿಗಿ ಎನ್ನುವ ತೋಳು. ನನಗೆ ಕಣ್ಣೇ ಕಾಣುತ್ತಿಲ್ಲವಲ್ಲ ಎಂದು ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. "ಅಜ್ಜಿ, ನಿಮ್ಮ ಕಣ್ಣು ಯಾಕೆ ಅಷ್ಟು ಕಪ್ಪಗಿದೆ?" ಎಂದಿತು ಮಗು. "ಹನಿ ಹಾಕಿದಾರೆ ಕಣೋ." "ನಾನು ಕಾಣ್ತೀನಾ?" "ಸ್ವಲ್ಪ." "ಈಗ?" ಎಂದು ಒಂದು ಹೆಜ್ಜೆ ಹಿಂದೆ ಸರಿಯಿತು. "ಈಗ?" ತೋಳು ಬೆರಳುಗಳಿಂದ ನುಣುಚಿತು. ಪುಟ್ಟ ಬೂಟುಗಳು ನೆಲದ ಮೇಲೆ ಟಪಟಪ ಓಡಿದವು, ಮೊದಲು ಔಷಧಿ ಕಿಟಕಿಯ ಕಡೆ, ಆಮೇಲೆ ಬಲಕ್ಕೆ. ಬಲಕ್ಕೆ ಹೊರಬಾಗಿಲು. ಅದಕ್ಕೆ ಕಲ್ಲು ಇಟ್ಟು ತೆರೆದಿದ್ದರು. ಅದರಾಚೆ ಮೆಟ್ಟಿಲು, ಮೆಟ್ಟಿಲ ಕೆಳಗೇ ರಸ್ತೆ. ವಾಹನಗಳ ಹಾರ್ನು ಬೆಳಿಗ್ಗೆಯಿಂದ ಒಂದೇ ಸಮನೆ ಕೇಳಿಬರುತ್ತಿತ್ತು.

ಅವಳು ಎದ್ದಳು. ಎದುರಿಗೆ ಬರೀ ಬಿಳುಪು. ಮುಂದೆ ಇಟ್ಟ ಹೆಜ್ಜೆ ಯಾರದೋ ಕಾಲಿಗೆ ತಾಕಿತು. "ಹಿಡೀರಿ, ಮಗು, ಮಗು" ಎಂದಳು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ. ಬೂಟಿನ ಸದ್ದು ಹೊಸಿಲು ದಾಟುವ ಹತ್ತಿರವಿತ್ತು. ಆಗ ಎದೆಯ ಆಳದಿಂದ, ಸಂಜೆಯ ಬಾಗಿಲಲ್ಲಿ ನಿಂತು ನೀರಿನ ಟ್ಯಾಂಕಿನವರೆಗೆ ಕಳಿಸುತ್ತಿದ್ದ ಗಂಟಲಿನಿಂದ, ಅವಳು ಆ ಹೆಸರನ್ನು ಕೂಗಿದಳು. ಮೂರಕ್ಷರವೂ ಪೂರ್ತಿ. ಬೂಟುಗಳು ಗಕ್ಕನೆ ನಿಂತವು. ಕಂಬದ ಹತ್ತಿರದ ಎತ್ತರದ ಮಸುಕು ಒಂದೇ ನೆಗೆತಕ್ಕೆ ಬಾಗಿಲ ಕಡೆ ಸರಿಯಿತು.

"ಸಿಕ್ಕಿದ, ಸಿಕ್ಕಿದ. ಹೆದರಬೇಡಿ ಅಮ್ಮ" ಎಂದ ಹುಡುಗ, ಮಗುವನ್ನು ಅವಳ ಮುಂದೆ ತಂದು ನಿಲ್ಲಿಸಿ. "ಇವನು ಮೆಟ್ಟಿಲ ಮೇಲಿದ್ದ. ಆದ್ರೆ ನಿಮಗೆ ನನ್ನ ಹೆಸರು ಹೇಗೆ ಗೊತ್ತು? ಒಳಗೆ ಕರೆದಾಗ ಕೇಳಿಸ್ಕೊಂಡ್ರಾ?"

"ನನ್ನ ಹೆಸರು ಅದು!" ಎಂದು ಮಗು ಚೀರಿತು.

"ನಿಂದೂ ಅದೇನಾ? ನಂದೂ ಅದೇ ಕಣೋ ಮರೀ."

"ಸುಳ್ಳು! ನಂದು ಮೊದಲು!"

"ನಾನು ನಿನಗಿಂತ ಎಷ್ಟು ದೊಡ್ಡವನು ನೋಡು. ನಂದೇ ಮೊದಲು." ಹುಡುಗ ನಗುತ್ತಿದ್ದ. "ಬೇಕಾದ್ರೆ ಅಜ್ಜೀನ ಕೇಳು, ಯಾರದ್ದು ಮೊದಲು ಅಂತ."

ಮಗು ಅವಳ ಬಟ್ಟೆ ಹಿಡಿದು ಜಗ್ಗಿತು, ಅಳು ತುಂಬಿದ ದನಿಯಲ್ಲಿ. "ಹೇಳಿ ಅಜ್ಜಿ. ನಂದು ತಾನೆ ಮೊದಲು?" ಡಾಕ್ಟರ ಕೋಣೆಯ ಬಾಗಿಲು ತೆರೆದು, ಕೂಗು ಕೇಳಿ ಓಡಿಬಂದ ತಾಯಿ, "ಏನಾಯ್ತು, ಏನಾಯ್ತು?" ಎನ್ನುತ್ತಿದ್ದಳು. ಪಕ್ಕದ ಮುದುಕರು ಕೆಮ್ಮುವುದನ್ನು ಮರೆತು ಕೂತಿದ್ದರು. ಅವಳು ಕೈಯಾಡಿಸಿ ಕುರ್ಚಿ ಹುಡುಕಿ ಕುಳಿತಳು. ಒಂದು ಕೈಗೆ ಮಗುವಿನ ಬಿಸಿ ಮಣಿಕಟ್ಟು ಸಿಕ್ಕಿತು, ಇನ್ನೊಂದಕ್ಕೆ ಹುಡುಗನ ತೋಳು.

"ನಿಮ್ಮಿಬ್ಬರದ್ದೂ ಅಲ್ಲ" ಎಂದಳು. "ನನ್ನ ತಮ್ಮಂದು ಮೊದಲು. ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸ್ತಿದ್ದ."